ನಾಗನಿಗೆ ದೇವದಾರು ಬೇಡ ಎಂದೆ

ಸ್ನೇಹಿತರೇ, ಇವತ್ತು ಮಧ್ಯಾಹ್ನ ಒಬ್ಬರ ಮನಸ್ಸು ನೋಯಿಸಿದೆ.

ನಮ್ಮ ಯಜಮಾನರು ತೀರಿಕೊಂಡು ಎರಡು ತಿಂಗಳು. ಅವರು ಸಾಕಿದ ಹಾವು ಈಗ ನನ್ನ ಪಾಲಿಗಿದೆ. ವಿಷದ್ದಲ್ಲ. ಅದರ ಗಾಜಿನ ಪೆಟ್ಟಿಗೆಯ ತಳಕ್ಕೆ ಹಾಸುವ ಮರದ ಹೊಟ್ಟು ಮುಗಿದಿದೆ ಎಂದು ವಾರಿಜಕ್ಕನಿಗೆ ಹೇಳಿದ್ದೇ ತಪ್ಪಾಯಿತು. ಈ ಪರದೇಶದಲ್ಲಿ, ನಮ್ಮ ಊರು ಡಗ್ಲಸ್‌ನಲ್ಲೇ ಇರುವ ಉಡುಪಿಯವರು ಅವರು. ದೊಡ್ಡ ಚೀಲ ಹೊತ್ತು ಬಂದೇಬಿಟ್ಟರು.

"ದೇವದಾರು ಮಾರಾಯ್ತಿ. ಘಮ ನೋಡು. ನಾಗನಿಗೆ ಇದಕ್ಕಿಂತ ಶ್ರೇಷ್ಠ ಬೇರೆ ಉಂಟಾ?"

ಆ ಘಮವೇ ತೊಂದರೆ. ದೇವದಾರಿನ ಎಣ್ಣೆಯಿಂದ ಹಾವಿನ ಉಸಿರು ಕೆಟ್ಟು ಸಾಯಲೂಬಹುದು ಎಂದು ಯಜಮಾನರು ಎಷ್ಟೋ ಸಲ ಹೇಳಿದ್ದರು. ಆಸ್ಪೆನ್ ಮರದ ಹೊಟ್ಟನ್ನೇ ಹುಡುಕಿ ತರುತ್ತಿದ್ದರು.

"ಬೇಡ ಅಕ್ಕ. ಅದಕ್ಕೆ ಆಗಲ್ಲ."

"ದೇವರ ಮರ ಅಲ್ವಾ, ಎಂತ ಆಗ್ತದೆ? ಸ್ವಲ್ಪ ಹಾಕುವ." ಹೇಳುತ್ತಲೇ ಪೆಟ್ಟಿಗೆಯ ಮುಚ್ಚಳ ತೆಗೆದರು.

ನಾನು ಚೀಲ ಕಿತ್ತುಕೊಂಡು ಹೋಗಿ ಬಾಗಿಲಾಚೆ ಇಟ್ಟೆ.

"ಹಾಗಾದ್ರೆ ಅದು ಎಂತದ್ರ ಮೇಲೆ ಮಲಗುದು?"

"ಆಸ್ಪೆನ್ ಬರೋ ತನಕ ಕಿಚನ್ ರೋಲ್ ಕಾಗದದ ಮೇಲೆ."

ಕಿಚನ್ ರೋಲ್ ಮೇಲೆ ಸುತ್ತಿಕೊಂಡಿದ್ದ ನಾಗನಿಗೆ ಕೈಮುಗಿದು, ಚಹಾನೂ ಕುಡಿಯದೆ ಹೋದರು.

ಎರಡು ತಿಂಗಳಿಂದ ಯಾರು ಏನು ತಂದರೂ, ಏನು ಹೇಳಿದರೂ ಇಲ್ಲಿಯವರ ಹಾಗೆ "ಗ್ರ್ಯಾಂಡ್", ಅಂದರೆ ಆಯ್ತು, ಒಳ್ಳೆಯದು ಅನ್ನುತ್ತಿದ್ದೆ. ಬೇಡ ಅನ್ನಲು ನನಗೂ ಬರುತ್ತದೆ ಎಂದು ಇವತ್ತು ಗೊತ್ತಾಯಿತು. ಸ್ವಲ್ಪ ತಡವಾಯಿತು. ಹಾವಿನ ಊಟಕ್ಕೆಂದು ಇಡುವ ಇಲಿಗಳಿಗೂ ಜಾಗವಿಲ್ಲದಷ್ಟು ಫ್ರೀಜರ್ ತುಂಬ ಜನ ತಂದುಕೊಟ್ಟ ಸಾಂಬಾರಿದೆ.