ಕಾರ್ತಿಕ ವದ್ಯದ ಕಾಗದಗಳು

ಬೈಲಹೊಂಗಲದ ಹತ್ತಿ ದಲಾಲರ ಮನೆಯ ಹೊಳಬಸಪ್ಪ ೧೯೧೦ರಲ್ಲಿ ಓದಲೆಂದು ಪುಣೆಗೆ ಬಂದ. ಎರಡು ವರ್ಷಕ್ಕೆ ತಂದೆ ತೀರಿಕೊಂಡರು, ಕಾಲೇಜು ನಿಂತಿತು. ಅರ್ಧಕ್ಕೆ ಬಿಟ್ಟ ಓದನ್ನು ಹೊತ್ತು ಊರಿಗೆ ಮರಳಲು ನಾಚಿಕೆಯಾಗಿ, ಸದಾಶಿವ ಪೇಠೆಯ ಒಂದು ವಾಡೆಯಲ್ಲಿ ಮೆಟ್ಟಿಲ ಕೆಳಗಿನ ಕೋಣೆ ಹಿಡಿದ. ಅದೇ ವಾಡೆಯ ಮಾಳಿಗೆಯಲ್ಲಿ ಪ್ರೊಫೆಸರ್ ಬಿಂದುಮಾಧವರಾಯರು ಇದ್ದರು. ಬೆಳಗಾವಿ ಕಡೆಯವರು, ಹೊರಗೆ ಮರಾಠಿ, ಇಂಗ್ಲಿಷ್, ಮನೆಯೊಳಗೆ ಕನ್ನಡ. ಅವರ ಬಳಿ ನಕಲು ಬರೆಯುವ ಕೆಲಸಕ್ಕೆ ಹೊಳಬಸಪ್ಪ ಸೇರಿಕೊಂಡ.

ಲಂಡನ್ನಿನ ಹಣಪೇಟೆ ಹಿಂದುಸ್ತಾನದ ವ್ಯಾಪಾರವನ್ನು ಹೇಗೆ ಕುಣಿಸಿತು ಎಂಬ ಚರಿತ್ರೆಯನ್ನು ರಾಯರು ಬರೆಯುತ್ತಿದ್ದರು. ನಮ್ಮ ರೂಪಾಯಿ ಬೆಳ್ಳಿಯದು, ಅವರ ಪೌಂಡು ಬಂಗಾರದ್ದು. ಹಿಂದಿನ ಶತಮಾನದ ಕೊನೆಯಲ್ಲಿ ಅಲ್ಲಿ ಬೆಳ್ಳಿ ಇಳಿದಾಗಲೆಲ್ಲ ಇಲ್ಲಿಯ ವ್ಯಾಪಾರಿ ನಡುಗುತ್ತಿದ್ದ. ಆ ಸುದ್ದಿ ನಮ್ಮ ಪೇಟೆಗಳಿಗೆ ಎಷ್ಟು ದಿನಕ್ಕೆ ಮುಟ್ಟುತ್ತಿತ್ತು? ತಿಳಿಯಬೇಕಾದರೆ ಹಳೆಯ ಸಾಹುಕಾರರ ಪತ್ರಗಳನ್ನು ನೋಡಬೇಕು. ಊರಿಂದೂರಿಗೆ ಹಣ ಕಳಿಸುವ ಹುಂಡಿಯ ದರ ಯಾವ ಮಿತಿಗೆ, ಅಂದರೆ ಯಾವ ತಿಥಿಗೆ, ಎಷ್ಟಿತ್ತು ಎಂಬುದು ಅವುಗಳಲ್ಲೇ ಇತ್ತು.

ಆ ಕೆಲಸ ಹೊಳಬಸಪ್ಪನ ಪಾಲಿಗೆ ಬಂತು. ಅವನು ಹಳೆಯ ಮರಾಠಿ ಕಾಗದಗಳ ಮೋಡಿ ಲಿಪಿ ಕಲಿತ, ಉತ್ತರದ ವ್ಯಾಪಾರಿಗಳ ಮಹಾಜನಿ ಅಕ್ಷರ ಕಲಿತ. ಮೂರನೆಯ ದರ್ಜೆಯಲ್ಲಿ ಕೂತು ಕಾಶಿಗೆ, ಜಯಪುರಕ್ಕೆ ಹೋದ. ಇಲಿ ಕಡಿದ ಕಟ್ಟುಗಳನ್ನು ಬಿಚ್ಚಿ ಮಿತಿ ಮತ್ತು ದರ ಬರೆದುಕೊಂಡ, ಮಾಲೀಕರ ಕೈಕಾಲು ಹಿಡಿದು ಕೆಲವು ಮೂಲ ಪತ್ರಗಳನ್ನೂ ಕಡ ತಂದ. ಪಂಚಾಂಗ ಎದುರಿಗಿಟ್ಟುಕೊಂಡು ಪ್ರತಿ ಮಿತಿಯನ್ನೂ ಇಂಗ್ಲಿಷ್ ತಾರೀಖಿಗೆ ತಿರುಗಿಸಿ ಕೋಷ್ಟಕ ಹಾಕಿದ. ಹೀಗೆ ಹನ್ನೊಂದು ವರ್ಷ ಕಳೆದವು.

೧೯೨೪ರಲ್ಲಿ ಪುಸ್ತಕ ಬಂತು. ಹೊಳಬಸಪ್ಪ ಮುನ್ನುಡಿಯನ್ನು ನಿಂತೇ ಓದಿದ. ‘ಈ ಕೋಷ್ಟಕಗಳನ್ನು ನಾನು ಹನ್ನೊಂದು ವರ್ಷ ಪೇಟೆ ಪೇಟೆ ಅಲೆದು ಸಿದ್ಧಪಡಿಸಿದೆ’ ಎಂದಿತ್ತು. ಅವನ ಹೆಸರು ಎಲ್ಲಿಯೂ ಇರಲಿಲ್ಲ. ಮಾಳಿಗೆ ಹತ್ತಿ ಹೋಗಿ, ಹೇಗೆ ಕೇಳಬೇಕೆಂದು ತಿಳಿಯದೆ, ಪುಟ ತೆರೆದು ರಾಯರ ಮುಂದೆ ಹಿಡಿದ.

ರಾಯರು ಕನ್ನಡಕ ಒರೆಸಿಕೊಂಡರು. "ಅಕ್ಷರ ನಿಂದು, ವಿಚಾರ ನಂದು. ಬಿ.ಎ. ಮುಗಸದವನ ಹೆಸರು ಹಾಕಿದ್ರ ಲಂಡನ್ದವರು ನಗತಾರ. ತಿಳೀತೇನು?"

"ತಿಳೀತ್ರಿ" ಎಂದು ಹೊಳಬಸಪ್ಪ ಕೆಳಗಿಳಿದ. ಅದೇ ವಾರ ಕೋಣೆ ಖಾಲಿ ಮಾಡಿ, ಭವಾನಿ ಪೇಠೆಯ ಹತ್ತಿ ವ್ಯಾಪಾರಿಯೊಬ್ಬರಲ್ಲಿ ಪತ್ರ ಬರೆಯುವ ಕೆಲಸ ಹಿಡಿದ. ಹೆಂಡತಿ ಸಾವಂತ್ರವ್ವ ಅವನ ಮುಖ ನೋಡಿ ಹೇಳಿದಳು: "ಬಿಟ್ಟುಬಿಡ್ರಿ ಅಂತ ನಾ ಅನ್ನೂದಿಲ್ಲ. ಮಾಡೂದೇನಿದ್ರೂ ಲಗೂನ ಮಾಡ್ರಿ. ಸಿಟ್ಟು ಮನ್ಯಾಗ ಇಟ್ಕೊಂಡ್ರ ಅದಕ್ಕೂ ಎರಡು ಹೊತ್ತು ಊಟಕ್ಕ ನೀಡಬೇಕಾಗತೈತಿ."

ಮರುವರ್ಷ ಆಗಸ್ಟಿನಲ್ಲಿ, ಕಡ ತಂದ ಕಾಶಿಯ ಪತ್ರಗಳನ್ನು ಹಿಂದಿರುಗಿಸಲೆಂದು ಕಟ್ಟುತ್ತಿದ್ದ. ಹಿಂದೆ ಮಿತಿ ಮತ್ತು ದರ ಮಾತ್ರ ನೋಡಿದ್ದ ಒಂದು ಪತ್ರವನ್ನು ಈಗ ಪೂರ್ತಿ ಓದಿದ. ಮೇಲೆ ಕಾರ್ತಿಕ ವದ್ಯ ಅಮಾವಾಸ್ಯೆ ಎಂದಿತ್ತು. ಕೆಳಗೆ ಸಾಹುಕಾರ, ಇವತ್ತು ಲಕ್ಷ್ಮೀಪೂಜೆ, ಮಕ್ಕಳ ಪಟಾಕಿ ಗದ್ದಲ, ಹೆಚ್ಚು ಬರೆಯಲಾರೆ ಎಂದು ಬರೆದಿದ್ದ.

ಹೊಳಬಸಪ್ಪ ಕಟ್ಟು ಬದಿಗಿಟ್ಟ. ದೀಪಾವಳಿಯ ಅಮಾವಾಸ್ಯೆ ಆಶ್ವೀಜದ್ದು, ಕಾರ್ತಿಕದ್ದು ಹೇಗಾದೀತು? ಎರಡು ದಿನ ಯೋಚಿಸಿದ ಮೇಲೆ ಹೊಳೆಯಿತು. ಬೈಲಹೊಂಗಲದಲ್ಲೂ ಪುಣೆಯಲ್ಲೂ ತಿಂಗಳು ಮುಗಿಯುವುದು ಅಮಾವಾಸ್ಯೆಗೆ. ಕಾಶಿಯಲ್ಲಿ, ಜಯಪುರದಲ್ಲಿ ಹುಣ್ಣಿಮೆಗೆ. ಹುಣ್ಣಿಮೆಯಿಂದ ಅಮಾವಾಸ್ಯೆಯವರೆಗೆ ನಾವು ಆಶ್ವೀಜ ವದ್ಯ ಎನ್ನುವ ಹದಿನೈದು ದಿನಗಳನ್ನು ಅವರು ಕಾರ್ತಿಕ ವದ್ಯ ಎನ್ನುತ್ತಾರೆ. ಪುಣೆಯ ಪಂಚಾಂಗ ಹಿಡಿದು ಕೂತ ಅವನು ಉತ್ತರದ ವದ್ಯ ಪಕ್ಷದ ಪತ್ರಗಳನ್ನೆಲ್ಲ ಒಂದು ತಿಂಗಳು ಮುಂದಕ್ಕೆ ತಳ್ಳಿದ್ದ. ಹುಣ್ಣಿಮೆಗೆ ಮುಂಚಿನ ಶುದ್ಧ ಪಕ್ಷದಲ್ಲಿ ಎರಡೂ ಕಡೆ ತಿಂಗಳ ಹೆಸರು ಒಂದೇ, ಆ ಪತ್ರಗಳು ಸರಿಯಾಗಿಯೇ ಇದ್ದವು. ಲೆಕ್ಕಕ್ಕೆ ಹೊಂದಲಿಲ್ಲವೆಂದು ರಾಯರು ಅವುಗಳನ್ನು ‘ಆಕಸ್ಮಿಕ’ ಎಂದು ಬದಿಗಿಟ್ಟಿದ್ದರು. ನಮ್ಮ ವ್ಯಾಪಾರಿಗಳು ಮಂದಬುದ್ಧಿಯವರು, ಲಂಡನ್ನಿನ ಸುದ್ದಿ ಅವರಿಗೆ ತಿಂಗಳು ತಡವಾಗಿ ತಿಳಿಯುತ್ತಿತ್ತು ಎಂಬ ರಾಯರ ಹೆಸರಾದ ಸಿದ್ಧಾಂತ ನಿಂತಿದ್ದುದು ಈ ತಪ್ಪಿನ ಮೇಲೆ. ನಿಜವಾಗಿ ತಂತಿ ಬಂದ ಎರಡೇ ದಿನಕ್ಕೆ ಪೇಟೆಯ ದರ ಬದಲಾಗಿತ್ತು.

ತಪ್ಪು ಹೊಳಬಸಪ್ಪನದೇ. ಆದರೆ ಮುನ್ನುಡಿಯ ಪ್ರಕಾರ ರಾಯರದು. ಅವನು ಮೊದಲ ಬಾರಿಗೆ ನಕ್ಕ.

ಆಗಲೇ ಹೇಳಬಹುದಿತ್ತು, ಹೇಳಲಿಲ್ಲ. ಹೊಗಳಿಕೆಯಲ್ಲಿ ಯಾರಿಗೂ ಪಾಲು ಕೊಡದ ರಾಯರು ತಪ್ಪನ್ನು ಒಂದು ಗಳಿಗೆಯೂ ತಮ್ಮ ಬಳಿ ಇಟ್ಟುಕೊಳ್ಳುವುದಿಲ್ಲ ಎಂಬುದು ಹತ್ತಿರದಿಂದ ಕಂಡವನಿಗೆ ಗೊತ್ತಿತ್ತು. ಕೋಷ್ಟಕ ಯಾರದೆಂದು ಅವರ ಬಾಯಿಂದಲೇ, ಜನರ ಎದುರಿಗೇ ಹೊರಡಿಸಬೇಕು. ಇನ್ನೂ ಮೇಲೆ ಹೋಗಲಿ ಎಂದು ಕಾದ. ರಾಯರ ಪ್ರತಿ ಭಾಷಣಕ್ಕೂ ಹೋಗಿ ಎರಡನೆಯ ಸಾಲಿನಲ್ಲಿ ಕೂತ. ಅವರಿಗೆ ಪದಕ ಬಂದಾಗ ಚಪ್ಪಾಳೆ ತಟ್ಟಿದ. ಮನೆಯಲ್ಲಿ ಪ್ರತಿ ಭಾನುವಾರ ಕೋಷ್ಟಕಗಳನ್ನು ಒಂದೊಂದಾಗಿ ತಿದ್ದುತ್ತ ಹೋದ.

೧೯೩೬ರಲ್ಲಿ ಧಾರವಾಡದ ಸುಲಭಾ ಎಂಬ ಹುಡುಗಿ ಮಹಾಜನಿ ಅಕ್ಷರ ಕಲಿಯಲು ಅವನಲ್ಲಿಗೆ ಬಂದಳು. ರಾಯರ ಕೈಕೆಳಗೆ ಎಂ.ಎ. ಪ್ರಬಂಧ ಬರೆಯುತ್ತಿದ್ದಳು. ಕಾಕಾ ಎಂದು ಕರೆದು ಸಾವಂತ್ರವ್ವನ ಅಡುಗೆಮನೆಯಲ್ಲಿ ರೊಟ್ಟಿ ತಿನ್ನುವಷ್ಟು ಸಲಿಗೆ ಬೆಳೆಯಿತು. ಹೊಳಬಸಪ್ಪ ಅವಳಿಗೆ ಅಕ್ಷರ ಕಲಿಸಿದ, ತಿಂಗಳುಗಳ ಮಾತು ಎತ್ತಲಿಲ್ಲ. ಅವಳು ಹೋಗಿ ರಾಯರಿಗೆ ಹೇಳಿಬಿಟ್ಟರೆ ಅವರು ಮೆಲ್ಲಗೆ ತಿದ್ದಿಕೊಂಡಾರು ಎಂಬ ಭಯ.

೧೯೩೯ರ ಜನವರಿಯಲ್ಲಿ ರಾಯರ ಅರವತ್ತನೆಯ ವರ್ಷದ ಸನ್ಮಾನವಿತ್ತು. ಪುಸ್ತಕ ಲಂಡನ್ನಿನಲ್ಲಿ ಮರುಮುದ್ರಣವಾಗಲಿದೆ ಎಂದು ಸಾರಿದರು. ಪ್ರಶ್ನೆಗಳಿದ್ದರೆ ಕೇಳಿ ಎಂದು ಅಧ್ಯಕ್ಷರು ಹೇಳಿದಾಗ ಹೊಳಬಸಪ್ಪ ಎದ್ದ. ಕಾಶಿಯ ಪತ್ರದ ನಕಲನ್ನು ಓದಿ ಮರಾಠಿಯಲ್ಲಿ ಕೇಳಿದ: "ಕಾಶಿಯವರು ನಮಗಿಂತ ಒಂದು ತಿಂಗಳು ತಡವಾಗಿ ದೀಪಾವಳಿ ಮಾಡಿದರೋ, ನಿಮ್ಮ ಕೋಷ್ಟಕವೇ ಒಂದು ತಿಂಗಳು ತಡವಾಗಿದೆಯೋ?"

ಹಿಂದಿನ ಸಾಲುಗಳಲ್ಲಿ ಯಾರೋ ನಕ್ಕರು. ಹೊಳಬಸಪ್ಪ ಇನ್ನೂ ಒಂಬತ್ತು ಪತ್ರಗಳನ್ನು ಓದಿದ. ಈ ಮಿತಿಗಳನ್ನು ತಿರುಗಿಸಿದವರು ಯಾರು ಎಂದು ಅಧ್ಯಕ್ಷರು ಕೇಳಿದರು. ರಾಯರ ಮುಖ ಕೆಂಪಾಯಿತು, ಮರಾಠಿ ಮರೆತುಹೋಯಿತು. "ಎಲ್ಲಾ ನೀನೇ ಮಾಡಿದ್ದಲ್ಲೋ. ನಾ ಒಂದು ಕಾಗದಾನೂ ಮುಟ್ಟಿಲ್ಲ."

"ಅದನ್ನ ಮರಾಠಿಯೊಳಗ ಹೇಳ್ರಿ, ರಾಯರ. ಎಲ್ಲಾರಿಗೂ ತಿಳೀಲಿ."

ಹೇಳದೆ ದಾರಿಯಿರಲಿಲ್ಲ. ಹೇಳಿದರು. ಕಾರ್ಯದರ್ಶಿ ಬರೆದುಕೊಂಡ. ಹೌದು, ತಪ್ಪು ನನ್ನದೇ, ಹನ್ನೊಂದು ವರ್ಷದ ಕೆಲಸವೂ ನನ್ನದೇ ಎಂದು ಹೊಳಬಸಪ್ಪ ಒಪ್ಪಿಕೊಂಡು ಕೂತ. ಹಾರ ಹಾಕಿಕೊಂಡೇ ರಾಯರು ಸಭೆಯಿಂದ ಹೊರಟುಹೋದದ್ದನ್ನು ಕಣ್ತುಂಬ ನೋಡಿದ. ಹದಿಮೂರು ವರ್ಷ ಬಯಸಿದ್ದು ಅದನ್ನೇ.

ಬಾಗಿಲಲ್ಲಿ ಸುಲಭಾ ನಿಂತಿದ್ದಳು. ಆ ಸಿದ್ಧಾಂತದ ಮೇಲೆಯೇ ಕಟ್ಟಿದ ಅವಳ ಪ್ರಬಂಧ ಹಿಂದಿನ ತಿಂಗಳಷ್ಟೇ ಅಚ್ಚಾಗಿತ್ತು.

"ಕಾಕಾ, ನಿಮಗ ಯಾವಾಗ ಗೊತ್ತಾತು?"

ಲೆಕ್ಕ ತಪ್ಪಿ ಹೇಳುವುದು ಅವನಿಗೆ ಆಗದು. "ಇಪ್ಪತ್ತೈದನೇ ಇಸವಿ, ಆಗಸ್ಟ್ ತಿಂಗಳಾಗ."

"ನನ್ನ ಪ್ರಬಂಧ ಪೂರಾ ಓದಿದ್ರಿ. ತಪ್ಪಿಲ್ಲ ಅಂದ್ರಿ."

"ಅಕ್ಷರ ತಪ್ಪಿಲ್ಲ ಅಂದಿದ್ದೆ."

ಅವಳು ಸೆರಗು ಹೊದ್ದು ಮೆಟ್ಟಿಲಿಳಿದು ಹೋದಳು. ಮತ್ತೆಂದೂ ಅವನ ಮನೆಗೆ ಬರಲಿಲ್ಲ. ರೊಟ್ಟಿ ಬಡಿಯುವಾಗ ಒಮ್ಮೆ ಸಾವಂತ್ರವ್ವ, ಆ ಹುಡುಗಿ ಏನು ಮಾಡಿತ್ತು ಎಂದು ಕೇಳಿದಳು. ಅವನು ಎದ್ದು ಹೊರಗೆ ಹೋದ.

ಯುದ್ಧದಿಂದಾಗಿ ಕಾಗದ ಸಿಗದೆ ತಿದ್ದಿದ ಕೋಷ್ಟಕಗಳು ಅಚ್ಚಾದದ್ದು ೧೯೪೬ರಲ್ಲಿ, ಹೊಳಬಸಪ್ಪನ ಸ್ವಂತ ಹೆಸರಿನಲ್ಲಿ. ಮೊದಲ ಪ್ರತಿಯನ್ನು ರಾಯರ ವಿಳಾಸಕ್ಕೆ ರಿಜಿಸ್ಟರ್ ಟಪಾಲಿನಲ್ಲಿ ಕಳಿಸಿದ. ಹಿಂದಿರುಗಿ ಬಂದ ರಸೀದಿಯ ಮೇಲೆ ಅವರ ನಡುಗುವ ರುಜುವಿತ್ತು. ಅದನ್ನು ಹೆಂಡತಿಗೆ ತೋರಿಸಿದ, ಬಂದವರಿಗೆಲ್ಲ ತೋರಿಸಿದ.

ಮರುವರ್ಷದ ಮಾರ್ಚಿನಲ್ಲಿ ಮುಂಬಯಿಯ ಒಂದು ಪತ್ರಿಕೆಯಲ್ಲಿ ಪುಸ್ತಕದ ವಿಮರ್ಶೆ ಬಂತು. ಬರೆದವಳು ಸುಲಭಾ. ಐದು ಪುಟ ಕೋಷ್ಟಕಗಳ ಪರೀಕ್ಷೆ, ಎಲ್ಲವೂ ಸರಿಯಾಗಿವೆ ಎಂಬ ತೀರ್ಮಾನ. ಕೊನೆಯ ವಾಕ್ಯ ಹೀಗಿತ್ತು: ‘ಈ ಸತ್ಯವನ್ನು ಲೇಖಕರು ಹದಿಮೂರು ವರ್ಷ ಬೇಕೆಂದೇ ಬಚ್ಚಿಟ್ಟಿದ್ದರು, ಅವರ ಮುಂದಿನ ಪುಸ್ತಕವನ್ನು ಓದುವವರು ಇದನ್ನು ನೆನಪಿಡಬೇಕು.’

ಹೊಳಬಸಪ್ಪ ಪೆನ್ಸಿಲ್ ತೆಗೆದುಕೊಂಡು ಕೂತ. ಒಂದು ತಾರೀಖು, ಒಂದು ಅಂಕಿ ತಪ್ಪಿದ್ದರೂ ಸಾಕಿತ್ತು, ಪತ್ರಿಕೆಗೆ ಬರೆದು ಅವಳ ಮಾನ ತೆಗೆಯುತ್ತಿದ್ದ. ಐದೂ ಪುಟಗಳನ್ನು ಮೂರು ಸಲ ಓದಿದ. ಎಲ್ಲೂ ತಪ್ಪಿರಲಿಲ್ಲ.