ಕ್ಯಾಬಿನೆಟ್ಟಿನ ಕೀಲಿ

ಅಥವಾ ಆ ಕ್ಯಾಬಿನೆಟ್ಟಿನ ಮೇಲೆ ಮೊದಲು ಕೈಯಿಟ್ಟವಳು ಅಕ್ಕನೇ ಇರಬಹುದು. ಇಷ್ಟು ವರ್ಷ ನಾನು, ಅದನ್ನು ಆರಿಸಿದವರು ಭಾವ ಎಂದೇ ಹೇಳಿಕೊಂಡು ಬಂದಿದ್ದೇನೆ. ಹಾಗೆ ಹೇಳಿದಾಗ ಮುಂದಿನದೆಲ್ಲ ಸಲೀಸಾಗಿ ಕೂತುಕೊಳ್ಳುತ್ತದೆ. ಸಲೀಸಾಗಿ ಕೂತುಕೊಳ್ಳುವ ನೆನಪನ್ನು ನಾನು ನಂಬುವುದಿಲ್ಲ. ಶಿವಮೊಗ್ಗದ ಆ ಅಂಗಡಿಯಲ್ಲಿ ನಾವು ಮೂವರಿದ್ದೆವು: ಅಕ್ಕ, ಅವಳ ಗಂಡ, ನಾನು. ಗೋಡೆಗೆ ಒರಗಿಸಿ ಎರಡು ಖಾಲಿ ಕ್ಯಾಬಿನೆಟ್ಟು ಇಟ್ಟಿದ್ದರು, ಕಂಪ್ಯೂಟರಿನ ಭಾಗಗಳನ್ನೆಲ್ಲ ಒಳಗೆ ಕೂರಿಸುವ ತಗಡಿನ ಪೆಟ್ಟಿಗೆಗಳು. ಒಂದರ ಎದುರಿಗೆ ಸಣ್ಣ ಬೀಗವಿತ್ತು. ಅದನ್ನು ತಿರುಗಿಸಿದರೆ ಕೀಬೋರ್ಡು ಕೆಲಸ ಮಾಡುವುದಿಲ್ಲ. ಇನ್ನೊಂದಕ್ಕೆ ಬೀಗವಿರಲಿಲ್ಲ. ಮನೆಗೆ ಬಂದದ್ದು ಬೀಗವಿದ್ದದ್ದು. ಇಷ್ಟು ಮಾತ್ರ ಖಚಿತ.

“ಇದೇ ಇರ್ಲಿ, ಯಾರ್ಯಾರೋ ಮುಟ್ಟೋದು ತಪ್ತದೆ” ಎಂಬ ಮಾತು ನನಗೆ ಈಗಲೂ ಕೇಳಿಸುತ್ತದೆ. ಧ್ವನಿ ಮಾತ್ರ ಯಾರದೆಂದು ಹೇಳಲಾರೆ.

ತೊಂಬತ್ತರ ದಶಕದ ನಡುವಿನ ಮಾತು. ಅಕ್ಕ ಸೊರಬದ ಗಂಡನ ಮನೆಯಿಂದ ಶಿಕಾರಿಪುರದ ನಮ್ಮ ಮನೆಗೆ ಬಂದು ಕೆಲವು ತಿಂಗಳಾಗಿತ್ತು. ಬೆಳಗಿನ ಬಸ್ಸಿಗೆ ಬಂದಿದ್ದಳು. ಕೈಯಲ್ಲಿ ಚೀಲವಿರಲಿಲ್ಲ. ಯಾರೂ ಏನೂ ಕೇಳಲಿಲ್ಲ. ಅವ್ವ ಸ್ನಾನಕ್ಕೆ ನೀರು ಕಾಯಿಸಿದಳು, ಅಪ್ಪ ತನ್ನ ಗೊಬ್ಬರದ ಅಂಗಡಿಗೆ ಹೋದ. ಆಮೇಲೆ ಯಾವಾಗಲೋ ಹಿತ್ತಲಿನ ಒಗೆಯುವ ಕಲ್ಲಿನ ಹತ್ತಿರ ಅಕ್ಕ ತಾನಾಗಿಯೇ ಹೇಳಿದಳು.

“ಅಂಗಡಿಗೆ ಹೋಗ್ಬೇಕಾದ್ರೆ ಮನಿಗೆ ಹೊರಗಿಂದ ಬೀಗ ಹಾಕ್ಕೊಂಡು ಹೋಗ್ತಾರೆ ಕಣೇ.”

“ಯಾಕಂತೆ?”

“ಕಳ್ಳರ ಕಾಟ ಅಂತೆ.”

“ನೀ ಒಳಗಿದ್ದಾಗ?”

“ಹೂಂ. ನಾ ಒಳಗಿದ್ದಾಗ.”

ಅಷ್ಟು ಹೇಳಿ ಸೀರೆಯನ್ನು ಹಿಂಡಿ ಹಗ್ಗಕ್ಕೆ ಹಾಕಿದಳು. ಆ ವಿಷಯ ಮತ್ತೆ ಎತ್ತಲಿಲ್ಲ.

ಅಕ್ಕ ಮದುವೆಗೆ ಮೊದಲೇ ಕನ್ನಡ ಟೈಪಿಂಗ್ ಸೀನಿಯರ್ ಪಾಸು ಮಾಡಿದ್ದಳು. ಮನೆಯಲ್ಲೊಂದು ಕಂಪ್ಯೂಟರ್ ಇದ್ದರೆ ಲಗ್ನಪತ್ರಿಕೆ, ಮಂಡಿಯವರ ಕಾಗದಪತ್ರ ಎಲ್ಲ ಟೈಪ್ ಮಾಡಿಕೊಡಬಹುದೆಂದು ಮುದ್ರಣಾಲಯದವರೊಬ್ಬರು ಅಪ್ಪನಿಗೆ ಹೇಳಿದ್ದರು. ಅಪ್ಪನಿಗೆ ಅದು ಹಿಡಿಸಿತು. ಮಗಳು ಕೆಲಸಕ್ಕಾಗಿ ಇಲ್ಲಿದ್ದಾಳೆ ಎಂದರೆ ಊರವರ ಬಾಯಿ ಮುಚ್ಚುತ್ತದೆ. ಗಂಡನನ್ನು ಬಿಟ್ಟು ಬಂದಿದ್ದಾಳೆ ಎಂದರೆ ಮುಚ್ಚುವುದಿಲ್ಲ. ಹಾಗಾಗಿ ಆ ಯಂತ್ರ ನಡೆದರೆ ಅಕ್ಕ ಉಳಿಯುತ್ತಾಳೆ, ನಡೆಯದಿದ್ದರೆ ಸೊರಬಕ್ಕೆ ವಾಪಸು. ಇದನ್ನು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು.

ಆದರೂ ಆ ಯಂತ್ರವನ್ನು ಮಾಡಿಕೊಡಲು ಅಪ್ಪ ಕರೆದದ್ದು ಭಾವನನ್ನೇ. ಸೊರಬದ ಬಸ್ ಸ್ಟ್ಯಾಂಡಿನ ಹತ್ತಿರ ಅವರದು ರೇಡಿಯೋ, ಟಿ.ವಿ. ರಿಪೇರಿ ಅಂಗಡಿ. ಬಿಡಿಭಾಗ ತಂದು ಕಂಪ್ಯೂಟರ್ ಜೋಡಿಸುವುದನ್ನೂ ಕಲಿತಿದ್ದರು. ನಾನು ಶಿವಮೊಗ್ಗದವರನ್ನು ಕರೆಸೋಣ ಎಂದದ್ದಕ್ಕೆ ಅಪ್ಪ ಸಿಟ್ಟಾದ.

“ಮನೀ ಅಳಿಯ ಇರ್ಬೇಕಾದ್ರೆ ಹೊರಗಿನೋರ್ನ ಕರೀತಾರೇನು? ಅವರು ಏನು ತಿಳ್ಕೊಬೇಕು?”

ಹೀಗೆ, ಹೆಂಡತಿ ತನ್ನನ್ನು ಬಿಟ್ಟು ಬದುಕಲು ಬೇಕಾದ ಯಂತ್ರವನ್ನು ಗಂಡನೇ ಆರಿಸಿ, ಗಂಡನೇ ಜೋಡಿಸಿಕೊಡುವುದು ಎಂದಾಯಿತು. ಇದರಲ್ಲಿ ವಿಚಿತ್ರವೇನೂ ನಮ್ಮ ಮನೆಯವರಿಗೆ ಕಾಣಲಿಲ್ಲ. ಅಳಿಯನಿಗೆ ಮರ್ಯಾದೆ ಕೊಟ್ಟಂತಾಯಿತು ಎಂದು ಅವ್ವ ಸಮಾಧಾನಪಟ್ಟಳು.

ಭಾವ ಭಾನುವಾರಗಳಲ್ಲಿ ಬರುತ್ತಿದ್ದರು. ಕಾಲು ತೊಳೆದು, ಅಪ್ಪನಿಗೂ ಅವ್ವನಿಗೂ ನಮಸ್ಕಾರ ಮಾಡಿ ಒಳಗೆ ಬರುವರು. ದನಿ ಏರಿಸಿದ್ದನ್ನು ನಾನು ಒಮ್ಮೆಯೂ ಕೇಳಲಿಲ್ಲ. ಒಂದು ಸಲಕ್ಕೆ ಒಂದೇ ವಸ್ತು ತರುವರು, ಹಳೆಯ ಪೇಪರಿನಲ್ಲಿ ಸುತ್ತಿದ್ದು. ಒಂದು ಭಾನುವಾರ ಮದರ್‌ಬೋರ್ಡು, ಇನ್ನೊಂದು ಭಾನುವಾರ ಫ್ಲಾಪಿ ಡ್ರೈವು, ಮತ್ತೊಂದಕ್ಕೆ ಯಾವುದೋ ಕಚೇರಿಯ ಯಂತ್ರದಿಂದ ಬಿಚ್ಚಿದ ಹಾರ್ಡ್ ಡಿಸ್ಕು. ಈ ಭಾನುವಾರಗಳೆಲ್ಲ ನನ್ನ ತಲೆಯಲ್ಲಿ ಕಲಸಿ ಒಂದೇ ಆಗಿಬಿಟ್ಟಿವೆ. ಎಲ್ಲದರಲ್ಲೂ ಅವ್ವ ಹೋಳಿಗೆ ಮಾಡಿದ್ದಾಳೆ, ಎಲ್ಲದರಲ್ಲೂ ಅಕ್ಕ ಬಡಿಸುತ್ತಿದ್ದಾಳೆ. ನಿಜವಾಗಿ ಪ್ರತಿ ಸಲವೂ ಹೋಳಿಗೆ ಇದ್ದಿರಲಾರದು.

“ಒಂದೊಂದೇ ತರ್ತೀರಲ್ರೀ” ಎಂದು ಅಪ್ಪ ಊಟದ ನಡುವೆ ತಮಾಷೆ ಮಾಡಿದ. “ಮಾವನ ಮನೆ ಹೋಳಿಗೆ ರುಚಿ ಹತ್ತಿದಂಗೆ ಕಾಣ್ತದೆ.”

“ಎಲ್ಲ ಒಟ್ಟಿಗೆ ತಂದುಬಿಟ್ರೆ ಆಮೇಲೆ ನನ್ನನ್ನ ಯಾರು ಕರೀತಾರೆ ಮಾವ?”

ಎಲ್ಲರೂ ನಕ್ಕರು. ನಾನೂ ನಕ್ಕಿರಬೇಕು. ಅಕ್ಕ ತುಪ್ಪದ ಚಮಚವನ್ನು ಅವರ ಎಲೆಯ ಮೇಲೆ ಹಿಡಿದು ನಿಂತಿದ್ದಳು. ತುಪ್ಪ ಸೋರಿ ಹೋಳಿಗೆ ಮುಳುಗುತ್ತಿದ್ದರೂ ಚಮಚ ಎತ್ತಲಿಲ್ಲ.

ಒಂದೊಂದು ಭಾಗಕ್ಕೂ ಭಾವ ಅಕ್ಕನ ಅಭಿಪ್ರಾಯ ಕೇಳುತ್ತಿದ್ದರು, ಅದೊಂದು ಅವರ ರೀತಿ. ಕೇಳಿ, ಆಮೇಲೆ ತಮಗೆ ಬೇಕಾದದ್ದನ್ನೇ ಹೇಳುವರು. ಅಕ್ಕ ಬಣ್ಣದ ಮಾನಿಟರ್ ಬೇಕೆಂದಳು.

“ಲಗ್ನಪತ್ರಿಕೆ ಟೈಪ್ ಮಾಡಕ್ಕೆ ಬಣ್ಣ ಎಂತಕ್ಕೆ ಮಾರಾಯ್ತಿ? ಬಣ್ಣ ಹಚ್ಚೋರು ಪ್ರೆಸ್ಸಿನೋರು. ನಿಂಗೆ ಅಕ್ಷರ ಕಂಡ್ರೆ ಸಾಕಲ್ಲ.”

“ನೋಡಿ ನೋಡಿ ಕಣ್ಣು ಸೋಲ್ತಾವಂತಲ್ರೀ.”

“ಅಷ್ಟೊತ್ತು ಕೂರಬ್ಯಾಡ.”

ಕಪ್ಪುಬಿಳುಪಿನದೇ ಬಂತು. ಮೆಮೊರಿಯ ಪಟ್ಟಿಗಳು ಅವರ ಅಂಗಡಿಯ ಯಾವುದೋ ಹಳೆಯ ಯಂತ್ರದವು. ಹಾಳಾದರೆ ಅಂಥವೇ ಬೇಕು, ಅಂಥವು ಇರುವುದು ತಮ್ಮ ಹತ್ತಿರ ಮಾತ್ರ ಎಂದು ಅವರೇ ಹೇಳಿದರು. ಅಪ್ಪ ಅದನ್ನು ಅನುಕೂಲವೆಂದು ತಿಳಿದ.

ಜೋಡಿಸಿದ್ದು ಮಧ್ಯಾಹ್ನ, ನಡುಮನೆಯಲ್ಲಿ. ಕರೆಂಟ್ ಇರಲಿಲ್ಲ. ಅಕ್ಕ ಬ್ಯಾಟರಿ ಹಿಡಿದು ಅವರ ಪಕ್ಕದಲ್ಲಿ ಕೂತಿದ್ದಳು, ನಾನು ಎದುರಿಗೆ. ಪವರ್ ಬಾಕ್ಸಿನಿಂದ ಮದರ್‌ಬೋರ್ಡಿಗೆ ಹೋಗುವ ಎರಡು ಪ್ಲಗ್ಗುಗಳನ್ನು ಅಕ್ಕನಿಗೆ ತೋರಿಸಿದರು.

“ನೋಡು, ಕಪ್ಪು ವೈರಿನ ಪಕ್ಕ ಕಪ್ಪು ವೈರೇ ಬರ್ಬೇಕು. ಅದಲು ಬದಲಾದ್ರೆ ಬೋರ್ಡು ಸತ್ತಂಗೇ. ಹೊಗೆ ಸೈತ ಬರಲ್ಲ, ಗೊತ್ತೇ ಆಗಲ್ಲ.”

ಆ ಪ್ಲಗ್ಗುಗಳು ಒಂದರ ಜಾಗದಲ್ಲಿ ಇನ್ನೊಂದನ್ನು ಹಾಕಿದರೂ ಕೂರುವಂತಿದ್ದವು, ತಪ್ಪನ್ನು ತಡೆಯುವಂಥದ್ದು ಅವುಗಳಲ್ಲೇ ಏನೂ ಇರಲಿಲ್ಲ. ನಾನು ಅಂದಿನಿಂದ ಯಾವ ಸ್ವಿಚ್ಚು ಒತ್ತುವಾಗಲೂ ಒಂದು ಕ್ಷಣ ತಡೆಯುತ್ತೇನೆ.

ಕೊನೆಗೆ ಕ್ಯಾಬಿನೆಟ್ಟಿನ ಎದುರಿನಿಂದ ಬರುವ ತೆಳ್ಳನೆಯ ವೈರುಗಳು ಉಳಿದವು. ಅಕ್ಕ ಒಂದನ್ನು ಮುಟ್ಟಿ “ಇದೇನು?” ಎಂದಳು. “ಬೀಗಕ್ಕೆ, ಹಸಿರು ದೀಪಕ್ಕೆ ಎರಡಕ್ಕೂ ಇದೊಂದೇ” ಎಂದರು ಭಾವ. ಅದಾದ ಮೇಲೆ ಇನ್ನೂ ಏನೋ ಹೇಳಿದರು. ಆ ಏನೋ ನನಗೆ ಬೇಕಾಗಿದೆ. ಎಷ್ಟು ಸಲ ಆ ನಡುಮನೆಗೆ ಹಿಂದಿರುಗಿ ಕೂತರೂ ಅವರ ತುಟಿ ಅಲುಗಾಡುವುದು ಕಾಣುತ್ತದೆ, ಮಾತು ಕೇಳಿಸುವುದಿಲ್ಲ. ಬಳಿಕ ಮುಚ್ಚಳ ಹಾಕಿ, ಸ್ಕ್ರೂಗಳನ್ನು ಕೊನೆಯ ಸುತ್ತಿನವರೆಗೂ ಬಿಗಿದರು. ಅವರು ಯಾವುದನ್ನೂ ಸಡಿಲ ಬಿಡುವವರಲ್ಲ.

ಯಂತ್ರ ನಡೆಯಿತು. ಒಂದು ವಾರ ಅಕ್ಕ ಬೇರೆಯೇ ಹೆಂಗಸಾಗಿದ್ದಳು. ಮುದ್ರಣಾಲಯದವರು ಮೊದಲ ಲಗ್ನಪತ್ರಿಕೆ ಕೊಟ್ಟು ಹೋದರು. ಮುಹೂರ್ತ ಹತ್ತಿರವಿತ್ತು. ಮುಂದಿನ ಭಾನುವಾರ ಭಾವ ಬಂದು, ಎಲ್ಲ ಸರಿಯಿದೆಯೇ ನೋಡುತ್ತೇನೆ ಎಂದು ಯಂತ್ರದ ಮುಂದೆ ಸ್ವಲ್ಪ ಹೊತ್ತು ಕೂತು, ಊಟ ಮಾಡಿ ಹೋದರು. ಸೋಮವಾರ ಅಕ್ಕ ಸ್ನಾನ, ಲಿಂಗಪೂಜೆ ಮುಗಿಸಿ ಸ್ವಿಚ್ಚು ಒತ್ತಿದಳು. ಪರದೆಯ ಮೇಲೆ ಇಂಗ್ಲಿಷಿನಲ್ಲಿ ಒಂದು ಸಾಲು ಬಂದು ನಿಂತಿತು: ಕೀಬೋರ್ಡಿಗೆ ಬೀಗ ಹಾಕಿದೆ, ಬೀಗ ತೆಗೆಯಿರಿ. ಯಾವ ಅಕ್ಷರ ಒತ್ತಿದರೂ ಏನೂ ಆಗಲಿಲ್ಲ. ಯಾವಾಗಲೂ ಬೀಗದಲ್ಲೇ ಇರುತ್ತಿದ್ದ ಆ ದುಂಡು ಕೀಲಿ ಅಲ್ಲಿರಲಿಲ್ಲ.

ಅಪ್ಪ ಪಕ್ಕದ ಅಂಗಡಿಯಿಂದ ಸೊರಬಕ್ಕೆ ಫೋನು ಮಾಡಿದ. ನಾನು ಹತ್ತಿರವೇ ನಿಂತಿದ್ದೆ.

“ಅಯ್ಯೋ, ನನ್ನ ಜೇಬಲ್ಲೇ ಬಂದುಬಿಟ್ಟಿದೆ ಮಾವ. ಅಂಗಡಿ ಬಿಟ್ಟು ಬರೋ ಹಂಗಿಲ್ಲ. ಅವಳನ್ನೇ ಒಂಚೂರು ಕಳ್ಸಿ, ಕೊಟ್ಟು ಕಳಿಸ್ತೀನಿ.”

“ನಾ ಹೋಗಿ ತರ್ತೀನಿ” ಎಂದೆ.

“ಅವರು ಕೇಳಿದ್ದು ಅವಳನ್ನ” ಎಂದ ಅಪ್ಪ. ನನ್ನ ಮುಖ ನೋಡಲಿಲ್ಲ.

ಮರುದಿನ ಅಕ್ಕ ಹೊರಟು ನಿಂತಾಗ ಅವ್ವ ಅವಳನ್ನು ದೇವರ ಮುಂದೆ ಮಣೆಯ ಮೇಲೆ ಕೂರಿಸಿದಳು. ಮೊರದಲ್ಲಿ ಅಕ್ಕಿ, ಕೊಬ್ಬರಿ, ಎಲೆ ಅಡಿಕೆ, ಒಂದು ರವಿಕೆ ಕಣ. ಮಗಳನ್ನು ಗಂಡನ ಮನೆಗೆ ಕಳಿಸುವಾಗ ತುಂಬುವ ಉಡಿ ಅದು.

“ಕೀಲಿ ತರಕ್ಕೆ ಹೋಗೋಳಿಗೆ ಉಡಿ ಯಾಕವ್ವ?”

“ಮುತ್ತೈದೆ ಬರೇ ಉಡಿಲೇ ಹೋಗ್ಬಾರ್ದು. ಸುಮ್ನಿರು ನೀನು.”

ಅಕ್ಕ ಸೆರಗು ಒಡ್ಡಿದಳು. ಅಕ್ಕಿ ಬಿದ್ದ ಸದ್ದು ಚೆನ್ನಾಗಿ ನೆನಪಿದೆ, ಅಥವಾ ಅದು ಬೇರೆ ಯಾರದೋ ಉಡಿಯ ಸದ್ದು. ಬಸ್ಸು ಹತ್ತುವಾಗ “ಸಂಜೆ ಬರ್ತೀನಿ ಕಣೇ” ಎಂದಳು. ಸೊರಬದ ಬಸ್ಸು ಶಿರಾಳಕೊಪ್ಪದ ಕಡೆ ತಿರುಗಿತು.

ಸಂಜೆ ಬರಲಿಲ್ಲ. ಇನ್ನೆರಡು ದಿನ ಇರುತ್ತಾಳೆ ಎಂದು ಫೋನು ಬಂತು. ಮುದ್ರಣಾಲಯದವರು ಕಾದು, ಲಗ್ನಪತ್ರಿಕೆಯ ಬರಹವನ್ನು ವಾಪಸು ಒಯ್ದರು. ಭಾನುವಾರಗಳಲ್ಲಿ ಭಾವ ಬರುವುದು ನಿಂತಿತು. ಅವ್ವ ಯಂತ್ರಕ್ಕೆ ತನ್ನ ಹಳೆಯ ಸೀರೆಯ ತುಂಡು ಹೊದಿಸಿದಳು. ಮರುವರ್ಷ ನನ್ನ ಮದುವೆಯಲ್ಲಿ ಅಕ್ಕ ಭಾವನ ಪಕ್ಕದಲ್ಲಿ ನಿಂತು ಅಕ್ಷತೆ ಹಾಕಿ ಅವರ ಜೊತೆಯೇ ಹೋದಳು.

ನಾನು ಕೆಲಸಕ್ಕೆ ಸೇರಿದ ಕಡೆಯೂ ಅಂಥದೇ ಕ್ಯಾಬಿನೆಟ್ಟು ಇತ್ತು. ಅದರ ಬೀಗ ಕೆಟ್ಟಾಗ ತಿಳಿಯಿತು: ಒಳಗಿನ ಆ ತೆಳ್ಳನೆಯ ವೈರು ಕಿತ್ತರೆ ಸಾಕು, ಬೀಗ ಇದ್ದೂ ಇಲ್ಲದಂತೆ. ಹಬ್ಬಕ್ಕೆ ತವರಿಗೆ ಬಂದಾಗ ಸೀರೆಯ ತುಂಡು ಸರಿಸಿ ನಮ್ಮ ಯಂತ್ರದ ಮುಚ್ಚಳ ತೆಗೆಯಲು ಕೂತೆ. ಸ್ಕ್ರೂಡ್ರೈವರ್ ಬೇಕಾಗಲಿಲ್ಲ. ಸ್ಕ್ರೂಗಳು ಬೆರಳಿಗೇ ಬಿಚ್ಚಿ ಬಂದವು. ವೈರು ಕಿತ್ತೆ, ಕೀಬೋರ್ಡು ನಡೆಯಿತು. ಹಸಿರು ದೀಪವೊಂದು ಆರಿತು, ಅಷ್ಟೇ.

ಒಮ್ಮೆ ಸೊರಬಕ್ಕೆ ಹೋದಾಗ ಅಕ್ಕನನ್ನು ಕೇಳಿದೆ, “ಆ ಕೀಲಿ ಕೊನೆಗೂ ಕೊಟ್ರಾ?”

“ಯಾವ ಕೀಲಿ?” ಎಂದಳು. ಭಾವ ಒಳಗಿನ ಕೋಣೆಯಲ್ಲಿದ್ದರು.

ಭಾವ ಬಿಗಿದ ಸ್ಕ್ರೂಗಳನ್ನು, ಕೀಲಿ ಇಲ್ಲವಾದ ಆ ಸೋಮವಾರ ಸಡಿಲಿಸಿದವರು ಯಾರೆಂದು ನನಗೆ ಗೊತ್ತಿಲ್ಲ. ಸೋಮವಾರವೇ ಎಂದೂ ಹೇಳಲಾರೆ. ಅಕ್ಕನೇ ಆಗಿದ್ದರೆ ಆ ವೈರನ್ನು ಕಂಡೂ ಕೀಳದೆ ಯಾಕೆ ಹಾಗೇ ಬಿಟ್ಟಳು ಎನ್ನುವುದೂ ಗೊತ್ತಿಲ್ಲ.