ನನ್ನ ಕೈಗೆ ಒಪ್ಪಿದ ರಿವಾಲ್ವರ್

ಯುದ್ಧದ ಕಾಲದಲ್ಲಿ ನಮ್ಮೂರಿನ ಪಟೇಲನಾಗಿದ್ದ ಅಪ್ಪನಿಗೆ ರಿವಾಲ್ವರಿನ ಲೈಸೆನ್ಸು ಸಿಕ್ಕಿತು. ಮದ್ದೂರಿನ ನಿವೃತ್ತ ಸುಬೇದಾರರೊಬ್ಬರು ತಮ್ಮಲ್ಲಿದ್ದ ಎರಡು ಹಳೆಯ ರಿವಾಲ್ವರುಗಳಲ್ಲಿ ಒಂದನ್ನು ಮಾರುತ್ತಾರೆಂದು ತಿಳಿದು, ಅಪ್ಪನೂ ನಾನೂ ಗಾಡಿ ಕಟ್ಟಿಕೊಂಡು ಹೋದೆವು.

"ಓದಿರೋನು ನೀನು, ನೀನೇ ನೋಡ್ಲಾ" ಎಂದು ಅಪ್ಪ ಪಕ್ಕಕ್ಕೆ ಸರಿದ.

ಸುಬೇದಾರರ ಹಿತ್ತಲಿನ ಮಣ್ಣುದಿಬ್ಬಕ್ಕೆ ಎರಡರಿಂದಲೂ ಗುಂಡು ಹಾರಿಸಿದೆ. ದೊಡ್ಡದರ ಹಿಡಿ ನನ್ನ ಮುಷ್ಟಿಗೆ ಸಿಗಲಿಲ್ಲ. ಚಿಕ್ಕದು ಹೇಳಿ ಮಾಡಿಸಿದಂತೆ ಕೂತಿತು. ಅದನ್ನೇ ಕೊಂಡೆವು. ನೇಗಿಲು ಹಿಡಿದು ಅಗಲವಾಗಿದ್ದ ಅಪ್ಪನ ಕೈಗೆ ಒಮ್ಮೆಯಾದರೂ ಕೊಟ್ಟು ನೋಡಲಿಲ್ಲ. ನಾಲ್ಕಕ್ಷರ ಕಲಿತ ಸೊಕ್ಕು ನನಗೆ.

ಆ ವರ್ಷ ಆಯುಧಪೂಜೆಯ ದಿನ ಕುಡುಗೋಲು, ಮಚ್ಚುಗಳ ಜೊತೆ ಅದನ್ನೂ ಒರೆಸಲು ಎತ್ತಿಕೊಂಡೆ. ಹಿಡಿಯ ಸುತ್ತ ಹಳೇ ಪಂಚೆಯ ಪಟ್ಟಿಯನ್ನು ದಪ್ಪಗೆ ಸುತ್ತಿ ಹೊಲಿಯಲಾಗಿತ್ತು. ಯಾಕೆಂದು ಅಪ್ಪನನ್ನು ಕೇಳಿದೆ.

"ಇಡಿ ಸಣ್ಣದು ಕಣ್ಲಾ. ಈಡು ಒಡದ್ರೆ ಎಬ್ಬೆಟ್ಟಿನ ಬುಡಕ್ಕೆ ಒದೀತದೆ."

"ಅವತ್ತೇ ಯೋಳ್ಬಾರ್ದಾಗಿತ್ತಾ ಅಪ್ಪಾ?"

"ನಿನ್ ಕೈಗೆ ಒಪ್ತಲ್ಲ ಅಂತ ಸುಮ್ಕಾದೆ, ಬುಡು."

ಈಗ ಅಪ್ಪನಿಲ್ಲ, ರಿವಾಲ್ವರ್ ನನ್ನದಾಗಿದೆ. ಆ ಬಟ್ಟೆಯನ್ನು ಬಿಚ್ಚಲು ನನಗೆ ಮನಸ್ಸು ಬಂದಿಲ್ಲ. ಹಾಗಾಗಿ ಅದು ನನ್ನ ಕೈಗೂ ಒಪ್ಪುವುದಿಲ್ಲ.